ದಾಸ್ಯವೂ ಉಳಿವೂ: ಒಂದು ಚಲಚ್ಚಿತ್ರದ ವಿಮರ್ಶೆ

ಗತಕಾಲದ ಮಹಾದುಃಖವೊಂದನ್ನು ಕಥಾವಸ್ತುವಾಗಿ ಎತ್ತಿಕೊಳ್ಳುವ ಚಲಚ್ಚಿತ್ರಕಾರನಿಗೆ ಎರಡು ಅಪಾಯಗಳು ಕಾದಿರುವುವು. ದುಃಖವನ್ನು ಮೃದುವಾಗಿಸಿ ತೋರಿಸಿದರೆ ಚರಿತ್ರೆಗೆ ದ್ರೋಹವಾಗುವುದು. ಇದ್ದುದನ್ನು ಇದ್ದಂತೆಯೇ ತೋರಿಸಹೊರಟರೆ ಪರರ ನೋವು ಪ್ರೇಕ್ಷಕನಿಗೆ ಒಂದು ನೋಟವಾಗಿಬಿಡುವುದು. ಅಮೆರಿಕಾ ದೇಶದ ಗುಲಾಮಗಿರಿಯನ್ನು ಕುರಿತ ಚಿತ್ರಗಳಲ್ಲಿ ಈ ಎರಡಕ್ಕೂ ನಿದರ್ಶನಗಳುಂಟು.

1939ರಲ್ಲಿ ಬಂದ ‘ಗಾನ್ ವಿತ್ ದಿ ವಿಂಡ್’ ಮೊದಲನೆಯ ಬಗೆಯದು. ಅದರಲ್ಲಿ ದಾಸದಾಸಿಯರು ಒಡೆಯರ ಮನೆಯ ಸುಖದುಃಖಗಳನ್ನೇ ತಮ್ಮವೆಂದು ಭಾವಿಸಿ ತೃಪ್ತರಾಗಿರುವರು. ಮನೆಯ ದಾಸಿಯ ಪಾತ್ರವನ್ನು ವಹಿಸಿದ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ 1940ರಲ್ಲಿ ಆಸ್ಕರ್ ಬಹುಮಾನವು ದೊರೆಯಿತು. ಆದರೆ ಅದೇ ಸಮಾರಂಭದಲ್ಲಿ ಆಕೆಯನ್ನು ಸಹನಟರ ಪಂಕ್ತಿಯಿಂದ ಬೇರ್ಪಡಿಸಿ ಪ್ರತ್ಯೇಕವಾದ ಮೇಜಿನಲ್ಲಿ ಕುಳ್ಳಿರಿಸಿದರು. ಚಿತ್ರವು ಮುಚ್ಚಿಟ್ಟ ಸತ್ಯವನ್ನು ಆ ಮೇಜೇ ಹೇಳಿತೆನ್ನಬೇಕು.

ಮುಕ್ಕಾಲು ಶತಮಾನದ ತರುವಾಯ, 2013ರಲ್ಲಿ, ಬ್ರಿಟಿಷ್ ನಿರ್ದೇಶಕ ಸ್ಟೀವ್ ಮೆಕ್ವೀನ್ ಅವರ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಎಂಬ ಚಿತ್ರವು ಪ್ರಕಟವಾಯಿತು. ಇದಕ್ಕೆ ಆಧಾರವು ಸಾಲಮನ್ ನಾರ್ತಪ್ ಎಂಬವನು 1853ರಲ್ಲಿ ಹೊರಡಿಸಿದ ಆತ್ಮಕಥೆ. ಇವನು ನ್ಯೂಯಾರ್ಕ್ ಪ್ರಾಂತದಲ್ಲಿ ಸ್ವತಂತ್ರನಾಗಿಯೇ ಹುಟ್ಟಿ, ಹೆಂಡತಿ ಮಕ್ಕಳೊಡನೆ ಬಾಳುತ್ತಿದ್ದ ಪಿಟೀಲುವಾದಕ. 1841ರಲ್ಲಿ ವಂಚಕರು ಅವನನ್ನು ವಾಷಿಂಗ್ಟನ್ ನಗರಕ್ಕೆ ಕರೆದೊಯ್ದು ಮಾರಿದರು. ಲೂಯಿಸಿಯಾನಾ ಪ್ರಾಂತದಲ್ಲಿ ‘ಪ್ಲಾಟ್’ ಎಂಬ ಪರನಾಮವನ್ನು ಹೊತ್ತು ಹನ್ನೆರಡು ವರ್ಷ ದುಡಿದು, 1853ರ ಜನವರಿಯಲ್ಲಿ ಅವನು ಬಿಡುಗಡೆ ಹೊಂದಿದನು.

ರಾಜನೊಬ್ಬನು ಮಾರಾಟಕ್ಕೆ ನಿಂತ ಕಥೆಯು ನಮಗೆ ಹೊಸದಲ್ಲ. ರಾಘವಾಂಕನ ಕಾವ್ಯವನ್ನು ಬಲ್ಲ ಮನೆಗಳಲ್ಲಿ ಹರಿಶ್ಚಂದ್ರನು ವೀರಬಾಹುವಿಗೆ ಆಳಾದುದನ್ನು ಕೇಳಿ ಕಣ್ಣೀರಿಡದವರುಂಟೆ? 1913ರಲ್ಲಿ ಫಾಲ್ಕೆಯವರು ತೆಗೆದ ನಮ್ಮ ದೇಶದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೂ ಅದೇ ಕಥೆಯೇ ಆಗಿದ್ದಿತು. ಆದರೆ ಹರಿಶ್ಚಂದ್ರನು ತನ್ನ ವಚನಕ್ಕಾಗಿ ತಾನೇ ಮಾರಿಕೊಂಡನು. ಅವನ ದಾಸ್ಯವು ಸತ್ಯಪರೀಕ್ಷೆ, ಅದರ ಕೊನೆಯಲ್ಲಿ ದೇವತೆಗಳ ಅನುಗ್ರಹವುಂಟು. ನಾರ್ತಪ್ಪನ ದಾಸ್ಯದಲ್ಲಿ ಪರೀಕ್ಷೆಯೂ ಇಲ್ಲ, ಪರೀಕ್ಷಕನೂ ಇಲ್ಲ. ಅಲ್ಲಿರುವುದು ಹತ್ತಿಯ ಬೆಲೆಯೂ ಲೆಕ್ಕದ ಪುಸ್ತಕವೂ ಮಾತ್ರ. ಈ ಭೇದವನ್ನು ಮೆಕ್ವೀನ್ ಅವರು ಚೆನ್ನಾಗಿ ಅರಿತಿರುವರು. ಅವರ ಚಿತ್ರದಲ್ಲಿ ದುಃಖವು ಯಾರನ್ನೂ ಪುಟವಿಟ್ಟ ಚಿನ್ನವಾಗಿ ಮಾಡುವುದಿಲ್ಲ.

ಇದಕ್ಕೆ ಎರಡು ಸನ್ನಿವೇಶಗಳು ಸಾಕ್ಷಿ. ಒಡೆಯನೊಬ್ಬನು ಸಾಲಮನ್ನನ ಕೊರಳಿಗೆ ಉರುಳು ಬಿಗಿದಿರುವನು. ಅರ್ಧಕ್ಕೇ ನಿಂತ ಆ ಕೊಲೆಯ ಬಳಿಕ, ಕೆಸರಿನಲ್ಲಿ ಕಾಲ್ಬೆರಳ ತುದಿಯನ್ನೂರಿ ಅವನು ಬಹುಹೊತ್ತು ಜೀವ ಹಿಡಿದುಕೊಂಡಿರುವನು. ಅವನ ಹಿಂದೆ ಉಳಿದ ಆಳುಗಳು ತಮ್ಮ ತಮ್ಮ ಕೆಲಸಕ್ಕೆ ಹೋಗುವರು, ಮಕ್ಕಳು ಆಡುವರು. ಹೆಂಗಸೊಬ್ಬಳು ಮಾತ್ರ ಹೆದರುತ್ತ ನೀರು ಕುಡಿಸಿ ಸರಿಯುವಳು. ಗ್ರಂಥದಲ್ಲಿ ಈ ಘಟನೆಯು ಹೀಗಿಲ್ಲ. ಅಲ್ಲಿ ನಾರ್ತಪ್ಪನು ಕೈಕಾಲು ಕಟ್ಟಿಸಿಕೊಂಡು, ಕೊರಳ ಹಗ್ಗದೊಡನೆ ಸುಡುಬಿಸಿಲಿನಲ್ಲಿ ನಿಂತಿದ್ದನೇ ಹೊರತು ತೂಗುತ್ತಿರಲಿಲ್ಲ. ನಿರ್ದೇಶಕರು ಮಾಡಿದ ಮಾರ್ಪಾಡು ಅಕ್ಷರಕ್ಕೆ ದೂರವಾದರೂ ಅರ್ಥಕ್ಕೆ ಹತ್ತಿರ. ಬದುಕಿರಬೇಕಾದವನು ಪಕ್ಕದವನ ಸಾವನ್ನು ಕಾಣದಂತಿರಬೇಕು ಎಂಬ ದಾಸ್ಯದ ನಿಯಮವನ್ನು ಒಂದು ಮಾತೂ ಇಲ್ಲದೆ ಅದು ತಿಳಿಸುವುದು.

ಎರಡನೆಯದು ಪ್ಯಾಟ್ಸಿ ಎಂಬ ತರುಣಿಯದು. ದಿನವೊಂದಕ್ಕೆ 500 ಪೌಂಡು ಹತ್ತಿಯನ್ನು ಬಿಡಿಸಬಲ್ಲ ಇವಳು ಒಡೆಯ ಎಪ್ಸನ ಕಾಮಕ್ಕೂ ಒಡತಿಯ ಮತ್ಸರಕ್ಕೂ ಏಕಕಾಲದಲ್ಲಿ ಬಲಿ. ಮೈತೊಳೆಯಲು ಒಂದು ತುಂಡು ಸಾಬೂನನ್ನು ಬೇಡಿ ನೆರೆಯ ತೋಟಕ್ಕೆ ಹೋದುದೇ ಅವಳ ಅಪರಾಧವಾಯಿತು. ಅದಕ್ಕಾಗಿ ಅವಳನ್ನು ಕಂಬಕ್ಕೆ ಕಟ್ಟಿಸಿ, ಸಾಲಮನ್ನನ ಕೈಗೆ ಚಾಟಿಯನ್ನು ಕೊಟ್ಟರು. ಅವನು ಹೊಡೆದನು. ಉಳಿವಿಗಾಗಿ ತೆತ್ತ ಬೆಲೆಯಲ್ಲಿ ಒಂದು ಪಾಲು ಮತ್ತೊಬ್ಬಳ ಬೆನ್ನಿನ ಮೇಲೆ ಬಿದ್ದಿತೆಂಬುದನ್ನು ಗ್ರಂಥವೂ ಮರೆಸಿಲ್ಲ, ಚಿತ್ರವೂ ಮರೆಸಿಲ್ಲ. ಪ್ಯಾಟ್ಸಿಯಾಗಿ ಲುಪೀಟಾ ನ್ಯೊಂಗೊ ಅವರ ಅಭಿನಯಕ್ಕೆ ಸಂದ ಆಸ್ಕರ್ ಬಹುಮಾನವು ಯೋಗ್ಯವಾದುದು.

ಇಷ್ಟಾದರೂ ಚಿತ್ರದಲ್ಲಿ ಎರಡು ಕೊರತೆಗಳನ್ನು ಹೇಳಲೇಬೇಕಾಗಿದೆ. ಮೊದಲನೆಯದು, ದಾಸರ ಬುದ್ಧಿವಂತಿಕೆಗೆ ಅದರಲ್ಲಿ ಸಾಕಷ್ಟು ಎಡೆಯಿಲ್ಲ. ಹೊಟ್ಟೆಗೆ ಸಾಲದಾಗ ತಾನೇ ಮೀನಿನ ಬಲೆಗೂಡನ್ನು ನಿರ್ಮಿಸಿದುದು, ಮರದ ತೊಗಟೆಯನ್ನು ಕುದಿಸಿ ಮಸಿ ಮಾಡಿ ಬಾತುಕೋಳಿಯ ಗರಿಯಿಂದ ಲೇಖನಿ ಹೊಂದಿಸಿದುದು, ಇವೆಲ್ಲ ನಾರ್ತಪ್ಪನ ಗ್ರಂಥದಲ್ಲಿ ವಿವರವಾಗಿವೆ. ಮನುಷ್ಯನು ಸಹಿಸಿ ಮಾತ್ರ ಉಳಿಯುವುದಿಲ್ಲ, ಉಪಾಯದಿಂದಲೂ ಉಳಿಯುವನು. ಚಿತ್ರವು ಸಹನೆಯನ್ನು ಕಂಡಷ್ಟು ಉಪಾಯವನ್ನು ಕಾಣಲಿಲ್ಲ.

ಎರಡನೆಯ ಕೊರತೆಯು ಇನ್ನೂ ಗಹನವಾದುದು. ಬ್ಯಾಸ್ ಎಂಬ ಕೆನಡಾದ ಬಡಗಿಯು ಪತ್ರ ಬರೆದನು, ಊರಿನಿಂದ ಪರಿಚಿತನೊಬ್ಬನು ಬಂದನು, ಸಾಲಮನ್ನನು ಬಂಡಿಯೇರಿ ಹೊರಟನು. ಚಿತ್ರವು ಇಷ್ಟರಲ್ಲಿಯೇ ಬಿಡುಗಡೆಯನ್ನು ಮುಗಿಸುವುದು. ವಸ್ತುತಃ ಅವನನ್ನು ಬಿಡಿಸಿದುದು 1840ರ ನ್ಯೂಯಾರ್ಕ್ ಪ್ರಾಂತದ ಒಂದು ಶಾಸನ. ಅಪಹೃತರಾದ ಸ್ವತಂತ್ರ ಪ್ರಜೆಗಳನ್ನು ಮರಳಿ ತರಲು ಗವರ್ನರರಿಗೆ ಅದು ಅಧಿಕಾರವನ್ನಿತ್ತಿದ್ದಿತು. ಹೆನ್ರಿ ನಾರ್ತಪ್ ಎಂಬ ವಕೀಲನು ಆ ಶಾಸನದ ಬಲದಿಂದಲೇ ದಕ್ಷಿಣಕ್ಕೆ ಹೋದನು. ಅವನು, ಸಾಲಮನ್ನನ ತಂದೆಯನ್ನು ಹಿಂದೆ ದಾಸನಾಗಿರಿಸಿಕೊಂಡಿದ್ದ ಮನೆತನದವನೇ. ಈ ಶಾಸನವು ಕೇಳಿದ ಪ್ರಶ್ನೆ ‘ದಾಸ್ಯವು ನ್ಯಾಯವೆ?’ ಎಂದಲ್ಲ, ‘ಇವನು ದಾಸನೆ?’ ಎಂದು ಮಾತ್ರ. ಸಾಲಮನ್ನನ ಹುಟ್ಟು ಸ್ವತಂತ್ರವೆಂದು ರುಜುವಾತಾಯಿತು, ಅವನು ಹೊರಟನು. ದಾಸಿಯಾಗಿದ್ದ ಪ್ಯಾಟ್ಸಿಗೆ ತೋರಿಸಲು ಅಂಥ ಯಾವ ರುಜುವಾತೂ ಇರಲಿಲ್ಲ, ಅವಳು ನಿಂತಳು.

ಸ್ಪೀಲ್‌ಬರ್ಗ್ ಅವರ 1997ರ ‘ಅಮಿಸ್ಟಾಡ್’ ಚಿತ್ರದ ತೊಡಕೂ ಇದೇ. 1839ರಲ್ಲಿ ಹಡಗಿನ ಮೇಲೆ ಬಂಡೆದ್ದ ಆಫ್ರಿಕನರನ್ನು 1841ರಲ್ಲಿ ಅಮೆರಿಕಾದ ಪರಮೋಚ್ಚ ನ್ಯಾಯಾಲಯವು ಬಿಡುಗಡೆ ಮಾಡಿತು. ಕಾರಣ, ಅವರನ್ನು ಕಾನೂನಿಗೆ ವಿರುದ್ಧವಾಗಿ ಹಿಡಿದು ತಂದಿದ್ದರು, ಆದುದರಿಂದ ಅವರು ದಾಸರೇ ಅಲ್ಲ ಎಂಬುದು. ನ್ಯಾಯಾಲಯದ ವಾಗ್ಮಿತೆಗೆ ಚಿತ್ರವು ಜಯಘೋಷ ಮಾಡುವುದು. ಆದರೆ ಅದೇ ವರ್ಷ ನಾರ್ತಪ್ಪನು ದೇಶದ ರಾಜಧಾನಿಯಲ್ಲಿಯೇ ಮಾರಾಟವಾದನು. ಕಾನೂನು ಕೆಲವರನ್ನು ಹೊರಕ್ಕೆ ಬಿಟ್ಟ ಬಾಗಿಲನ್ನೇ ಉಳಿದವರ ಮೇಲೆ ಮುಚ್ಚಿತು. 1860ರ ಜನಗಣತಿಯ ಹೊತ್ತಿಗೆ ಆ ಬಾಗಿಲಿನೊಳಗೆ ಸುಮಾರು 40 ಲಕ್ಷ ಜನರಿದ್ದರು; 1865ರ ಸಂವಿಧಾನದ ತಿದ್ದುಪಡಿಯವರೆಗೂ ಅದು ಪೂರ್ಣವಾಗಿ ತೆರೆಯಲಿಲ್ಲ.

ಪಾರಾದವನ ಕಥೆಯನ್ನೇ ಚರಿತ್ರೆಯು ಬಹುಮಟ್ಟಿಗೆ ಉಳಿಸುವುದು. ಬರೆಯಲು ಉಳಿದವನು ಅವನೇ ಅಲ್ಲವೆ? ಮೆಕ್ವೀನ್ ಅವರ ಕ್ಯಾಮರವು ಇದನ್ನು ಅರಿಯದುದಲ್ಲ. ಬಂಡಿಯು ಸಾಗುತ್ತಿರಲು ಸಾಲಮನ್ನನ ಹಿಂದೆ, ಮಸುಕಾದ ದೂರದಲ್ಲಿ, ಪ್ಯಾಟ್ಸಿಯು ಕುಸಿದು ಬೀಳುವುದನ್ನು ಅದು ಒಂದು ಕ್ಷಣ ತೋರಿಸುವುದು. ಸಾವಕಾಶವಾಗಿ ನೋಡದವರಿಗೆ ಅದು ಕಾಣದೆಯೂ ಹೋಗಬಹುದು. ಈ ಚಿತ್ರವನ್ನು ಮನೆಯ ಹಿರಿಯರೂ ತರುಣರೂ ಕೂಡಿ ನೋಡತಕ್ಕುದು, ಮೂಲಗ್ರಂಥವನ್ನೂ ಓದತಕ್ಕುದು. ನೋಡುವಾಗ ಕುಟುಂಬವನ್ನು ಮರಳಿ ಸೇರಿದವನಿಗಾಗಿ ಸಂತೋಷಪಡುವುದರೊಡನೆ, ಆ ಮಸುಕಿನ ಕಡೆಗೂ ದೃಷ್ಟಿಯನ್ನಿಡಬೇಕೆಂಬುದು ನಮ್ಮ ವಿಜ್ಞಾಪನೆ.