ಸತ್ತವರ ಪಟ್ಟಿಯಿಂದ ಜಾರಿಕೊಂಡ ಒಬ್ಬ

ಹೋದ ಚಳಿಗಾಲದಲ್ಲಿ ನನ್ನ ಪ್ರಬಂಧದ ಮೂರನೇ ಅಧ್ಯಾಯ ಗೈಡ್ ಕೈ ಸೇರಬೇಕಿತ್ತು. ಸೇರಲಿಲ್ಲ. ಆ ಎರಡು ತಿಂಗಳು ನಾನು ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’ ಸರಣಿಯಲ್ಲಿ ಮುಳುಗಿದ್ದೆ. 1991ರಲ್ಲಿ ಶುರುವಾಗಿ 2021ರ ಹೊತ್ತಿಗೆ ಒಂಬತ್ತು ಸಂಪುಟ, ಒಂದೊಂದೂ ದಿಂಬಿನಷ್ಟು ದಪ್ಪ. ಹಾಸ್ಟೆಲ್ ರೂಮಿಗೆ ಯಾರಾದರೂ ಬಂದರೆ ಅದರ ಮೇಲೆ ಫೂಕೋ ಪುಸ್ತಕ ಇಡುತ್ತಿದ್ದೆ.

ಗೊತ್ತಿಲ್ಲದವರಿಗೆ ಕಥೆ ಚುಟುಕಾಗಿ: ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್, ಗಂಡನ ಜೊತೆ ಸ್ಕಾಟ್ಲೆಂಡಿಗೆ ಬಂದವಳು, ಹಳೆಯ ನಿಲುಗಲ್ಲುಗಳ ವೃತ್ತವೊಂದರಿಂದ 1743ಕ್ಕೆ ಹೋಗಿ ಬೀಳುತ್ತಾಳೆ. ಅಲ್ಲಿ ಜೇಮಿ ಫ್ರೇಸರ್ ಸಿಗುತ್ತಾನೆ. ಮದುವೆ, ಆಮೇಲೆ ಪ್ರೀತಿ. ಇಷ್ಟೇ ಆಗಿದ್ದರೆ ಇನ್ನೂರನೇ ಪುಟಕ್ಕೆ ಮುಚ್ಚಿಡುತ್ತಿದ್ದೆ.

ನನ್ನನ್ನು ಹಿಡಿದು ಕೂರಿಸಿದ್ದು ಒಂದು ತಾರೀಖು: 1746ರ ಏಪ್ರಿಲ್ 16. ಅಂದು ಕಲೋಡನ್ ಬಯಲಿನಲ್ಲಿ ಒಂದು ಗಂಟೆಯೂ ನಡೆಯದ ಕದನದಲ್ಲಿ ಜಾಕೊಬೈಟ್ ಸೈನ್ಯ ನುಚ್ಚುನೂರಾಯಿತು. ಇದು ಕ್ಲೇರ್‌ಗೆ ಗೊತ್ತು, ನಮಗೂ ಗೊತ್ತು. ಅವಳ ಪಕ್ಕದಲ್ಲಿ ಕೂತು ಉಣ್ಣುತ್ತಿರುವವರಿಗೆ ಗೊತ್ತಿಲ್ಲ. ಅದನ್ನು ತಪ್ಪಿಸಲು ಗಂಡ ಹೆಂಡತಿ ಪ್ಯಾರಿಸ್‌ವರೆಗೆ ಹೋಗಿ ಪಿತೂರಿ ಹೂಡುತ್ತಾರೆ, ಆಗುವುದಿಲ್ಲ. ಎರಡನೇ ಸಂಪುಟವನ್ನು ಹೊಟ್ಟೆಯಲ್ಲಿ ಕಲ್ಲಿಟ್ಟುಕೊಂಡೇ ಓದಿದೆ.

ಕಲೋಡನ್ ನಂತರ ಮನೆಯೊಂದರಲ್ಲಿ ಅಡಗಿದ್ದ ಗಾಯಾಳು ಅಧಿಕಾರಿಗಳನ್ನು ಹೊರಗೆಳೆದು ಗುಂಡಿಟ್ಟರು, ಫ್ರೇಸರ್ ಎಂಬ ಒಬ್ಬ ಮಾತ್ರ ಬದುಕಿಕೊಂಡ ಎಂದು ಎರಿಕ್ ಲಿಂಕ್ಲೇಟರ್ ಅವರ ಇತಿಹಾಸ ಪುಸ್ತಕದಲ್ಲಿದೆ. ಜೇಮಿಗೆ ಆ ಮನೆತನದ ಹೆಸರು ಬಂದದ್ದು ಅಲ್ಲಿಂದ ಎಂದು ಗ್ಯಾಬಲ್ಡನ್ನೇ ಹೇಳಿದ್ದಾರೆ. ನನ್ನ ಸಂಶೋಧನೆ 1830-31ರ ನಗರ ರೈತ ದಂಗೆಯ ಮೇಲೆ. ನಾನು ನೋಡಿದ ಕಡತಗಳಲ್ಲಿ ಸತ್ತ ರೈತರಿಗೆ ಬಹುಪಾಲು ಹೆಸರೇ ಇಲ್ಲ, ಬರೀ ಎಣಿಕೆ. ಆ ಎಣಿಕೆ ಒಂದು ಕಡಿಮೆ ಇರಬಹುದಲ್ಲ ಎಂಬ ಆಸೆ ಸಂಶೋಧಕರಿಗೆ ಬರಬಾರದು. ಬರುತ್ತದೆ. ಈ ಸರಣಿ ನಿಂತಿರುವುದೇ ಆ ಆಸೆಯ ಮೇಲೆ.

ನಾಲ್ಕನೇ ಸಂಪುಟದಲ್ಲಿ ಇನ್ನೂ ಚೆಂದ. ಇಪ್ಪತ್ತನೇ ಶತಮಾನದಲ್ಲಿರುವ ಮಗಳು ಬ್ರಿಯಾನಾಗೆ ಹಳೆಯ ಪತ್ರಿಕೆಯ ತುಣುಕು ಸಿಗುತ್ತದೆ: ಅಪ್ಪ ಅಮ್ಮ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿ ಸತ್ತರು ಎಂದು. ಅವಳು ಕಲ್ಲು ದಾಟಿ ಓಡುತ್ತಾಳೆ. ಎರಡು ಸಂಪುಟ ಕಳೆದ ಮೇಲೆ ತಿಳಿಯುತ್ತದೆ, ತಾರೀಖು ಅಚ್ಚಿನವನ ತಪ್ಪು, ಸಾವಿನ ಸುದ್ದಿಯೂ ಸುಳ್ಳು. ಓದಿ ಜೋರಾಗಿ ನಕ್ಕೆ. ದಾಖಲೆಯನ್ನು ನಂಬಿ ಮೋಸಹೋಗುವುದನ್ನು ಇಷ್ಟು ಸೊಗಸಾಗಿ ನಮ್ಮ ಯಾವ ಸೆಮಿನಾರಿನಲ್ಲೂ ಕೇಳಿರಲಿಲ್ಲ.

ಆದರೆ ಈ ಔದಾರ್ಯ ಒಂದೇ ಕುಟುಂಬಕ್ಕೆ. ಕಥೆ ನಾರ್ತ್ ಕ್ಯಾರೊಲಿನಾಕ್ಕೆ ಹೋದಾಗ ಜೇಮಿಯ ಚಿಕ್ಕಮ್ಮ ಜೊಕಾಸ್ಟಾಳ ತೋಟದಲ್ಲಿ ಗುಲಾಮರಿದ್ದಾರೆ. ಕ್ಲೇರ್ ಅಸಹ್ಯಪಡುತ್ತಾಳೆ, ಜೇಮಿ ಆ ಆಸ್ತಿಗೆ ವಾರಸುದಾರನಾಗಲು ಒಲ್ಲೆ ಎನ್ನುತ್ತಾನೆ, ಗವರ್ನರ್ ಕೊಟ್ಟ ಗುಡ್ಡದ ಜಮೀನಿಗೆ ಇಬ್ಬರೂ ಹೊರಡುತ್ತಾರೆ. ಯುಲಿಸಿಸ್, ಫೀಡ್ರೆ ಹೀಗೆ ಒಂದಿಬ್ಬರನ್ನು ಬಿಟ್ಟರೆ ಉಳಿದವರು ಊಟ ಬಡಿಸಿ ಮರೆಯಾಗುತ್ತಾರೆ. ಬೂಷ್ಟಿನಿಂದ ಪೆನಿಸಿಲಿನ್ ತೆಗೆಯುವ ಬಗೆಯನ್ನು ವಿವರವಾಗಿ ಬರೆಯುವ ಲೇಖಕಿಗೆ ಇವರ ಬಗ್ಗೆ ಆ ತಾಳ್ಮೆ ಇಲ್ಲ. ಜೊತೆಗೆ, ಕಥೆ ಮುಂದೆ ಸಾಗಬೇಕಾದಾಗಲೆಲ್ಲ ಯಾರ ಮೇಲಾದರೂ ಅತ್ಯಾಚಾರ. ಆರನೇ ಸಂಪುಟದಲ್ಲಿ ಕೋಪದಿಂದ ಮೂರು ದಿನ ಪುಸ್ತಕ ಮುಟ್ಟಲಿಲ್ಲ.

ನಾಲ್ಕನೇ ದಿನ ಮುಟ್ಟಿದೆ. ಅಧ್ಯಾಯ ಏನಾಯಿತೆಂದು ಗೈಡ್ ಕೇಳಿದಾಗ ದಾಖಲೆ ಓದುತ್ತಿದ್ದೇನೆ ಎಂದೆ.