ಕೊನೆ ಗೊತ್ತಿದ್ದೂ ನೋಡುವ ಸಿನಿಮಾ

ಮುಳಬಾಗಿಲು ತಾಲ್ಲೂಕಿನ ನಮ್ಮ ಬೈರಕೂರು ಹೋಬಳಿಯಲ್ಲಿ ಮನೆಯೊಳಗೆ ತೆಲುಗು, ಶಾಲೆ ಕಚೇರಿಯಲ್ಲಿ ಕನ್ನಡ ಎನ್ನುವವರು ಬಹಳ ಮಂದಿ. ಆಂಧ್ರದ ಗಡಿ ಅಷ್ಟು ಹತ್ತಿರ. ಹಾಗಾಗಿ 1995ರಲ್ಲಿ ಸುನಿಲ್ ಕುಮಾರ್ ದೇಸಾಯಿ ‘ಬೆಳದಿಂಗಳ ಬಾಲೆ’ ತೆರೆಗೆ ತಂದಾಗ ಈ ಕಡೆಯ ಓದುಗರಲ್ಲಿ ಕೆಲವರಿಗೆ ಕಥೆಯ ಕೊನೆ ಮೊದಲೇ ಗೊತ್ತಿತ್ತು. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ ‘ವೆನ್ನೆಲ್ಲೋ ಆಡಪಿಲ್ಲ’ ಅದರ ಮೂಲ. ‘ಕಥೆ ಗೊತ್ತಲ್ಲಕ್ಕಾ, ಇನ್ನೇನಿದೆ ನೋಡೋಕೆ?’ ಎಂದು ಪಕ್ಕದ ಮನೆಯ ಹುಡುಗ ಈಗಲೂ ನನ್ನನ್ನು ಕೇಳುತ್ತಾನೆ. ನೋಡುವುದು ಬೇಕಾದಷ್ಟಿದೆ.

ಗುಟ್ಟು ರಟ್ಟಾದರೆ ಸಸ್ಪೆನ್ಸ್ ಮುಗಿಯಿತು ಎಂಬುದು ತಪ್ಪು ತಿಳಿವಳಿಕೆ. ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಫ್ರೆಂಚ್ ನಿರ್ದೇಶಕ ತ್ರೂಫೊಗೆ ಬಿಡಿಸಿ ಹೇಳಿದ್ದರು. ಮೇಜಿನ ಕೆಳಗಿನ ಬಾಂಬು ತಟ್ಟನೆ ಸಿಡಿದರೆ ಒಂದು ಗಳಿಗೆಯ ಬೆಚ್ಚು, ಅಷ್ಟೇ. ಬಾಂಬು ಇರುವುದು ನಮಗೆ ಗೊತ್ತಿದ್ದು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ ಅವರ ಕಾಡುಹರಟೆಯೂ ನಮ್ಮ ಎದೆ ಹಿಂಡುತ್ತದೆ. 1958ರ ‘ವರ್ಟಿಗೋ’ದಲ್ಲಿ ಅವರು ಗುಟ್ಟನ್ನು ನಾಯಕನಿಗಿಂತ ಮೊದಲು ನಮ್ಮ ಕೈಗೇ ಕೊಟ್ಟುಬಿಟ್ಟರು. ಆ ಚಿತ್ರ ಅಲ್ಲಿಂದಾಚೆಗೆ ಇನ್ನಷ್ಟು ಬಿಗಿಯಾಗುತ್ತದೆ.

ಕನ್ನಡದಲ್ಲಿ ಈ ವಿದ್ಯೆಯನ್ನು ಶ್ರದ್ಧೆಯಿಂದ ಮಾಡಿದವರು ದೇಸಾಯಿ. ಅವರ ಚಿತ್ರಗಳಲ್ಲಿ ನನ್ನ ಮೊದಲ ಮಣೆ ‘ಬೆಳದಿಂಗಳ ಬಾಲೆ’ಗೇ. ‘ನಿಷ್ಕರ್ಷ’ದ ಅಭಿಮಾನಿಗಳು ಜಗಳಕ್ಕೆ ಬಂದರೂ ಸರಿಯೇ.

ಕೊಲೆಗಾರನ ಬೆನ್ನಟ್ಟುವ ಕಥೆಯಲ್ಲ ಇದು. ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತ್‌ಗೆ ಗುರುತಿಲ್ಲದ ಹೆಣ್ಣೊಬ್ಬಳ ಫೋನು ಬರುತ್ತದೆ. ತನ್ನನ್ನು ಹುಡುಕು ಎಂದು ಅವಳು ಸುಳಿವುಗಳನ್ನು ಒಗಟಿನಂತೆ ಒಡ್ಡುತ್ತಾಳೆ. ಸುಮನ್ ನಗರ್‌ಕರ್ ಅವರ ಆ ಪಾತ್ರ ನಮ್ಮನ್ನು ಮುಟ್ಟುವುದು ಮುಖದಿಂದಲ್ಲ, ಗಾಯಕಿ ಮಂಜುಳಾ ಗುರುರಾಜ್ ಕೊಟ್ಟ ಧ್ವನಿಯಿಂದ. ಆ ಧ್ವನಿಯಲ್ಲಿ ತುಂಟತನವಿದೆ, ಸಲಿಗೆಯಿದೆ. ಇತ್ತ ರಿಸೀವರ್ ಹಿಡಿದ ಅನಂತ್ ನಾಗ್ ಮುಖ ನೋಡಿ. ಎದುರಿಗೆ ಮಾತಾಡಲು ಇನ್ನೊಬ್ಬ ಕಲಾವಿದೆ ಇಲ್ಲದೆ, ಬರೀ ಕೇಳಿಸಿಕೊಳ್ಳುವುದನ್ನೇ ಅವರು ಅಭಿನಯ ಮಾಡಿದ್ದಾರೆ. ಮೊದಲ ಅಸಹನೆ ಕುತೂಹಲವಾಗಿ, ಕುತೂಹಲ ಹಂಬಲವಾಗಿ ತಿರುಗುವುದು ಅವರ ಕಣ್ಣಲ್ಲೇ ಕಾಣುತ್ತದೆ. ಕೊನೆ ಗೊತ್ತಿದ್ದವರಿಗೆ ಫೋನಿನಲ್ಲಿ ಕೇಳುವ ಅವಳ ನಗುವಿನ ಒಂದೊಂದು ಎಳೆಯೂ ಕರುಳಿಗೆ ತಾಗುತ್ತದೆ. ಕಾದಂಬರಿ ಓದಿಕೊಂಡು ಹೋದವರೇ ಇಲ್ಲಿ ಭಾಗ್ಯವಂತರು.

ನನ್ನ ಪಟ್ಟಿಯಲ್ಲಿ ದೇಸಾಯಿ ಅವರ ಮೊದಲ ಚಿತ್ರ ‘ತರ್ಕ’ (1989) ಎರಡನೆಯದು. ತೆರೆಯ ಮೇಲೆ ಶಂಕರ್ ನಾಗ್, ದೇವರಾಜ್, ವನಿತಾ ವಾಸು. ಹಾಡಿಲ್ಲದೆ ಚಿತ್ರ ಓಡುವುದಿಲ್ಲ ಎಂಬ ಕಾಲದಲ್ಲಿ ಒಂದೂ ಹಾಡಿಲ್ಲದೆ ಮಾಡಿದ್ದು ಸಣ್ಣ ಧೈರ್ಯವಲ್ಲ. ಹಾಡು ಬಂದರೆ ಪ್ರೇಕ್ಷಕ ಉಸಿರು ಬಿಡುತ್ತಾನೆ, ಹೊರಗೆದ್ದು ಹೋಗಿ ಟೀ ಕುಡಿದು ಬರುತ್ತಾನೆ. ಆ ಬಿಡುವನ್ನೇ ದೇಸಾಯಿ ಕಿತ್ತುಕೊಂಡರು. ಹಿಚ್‌ಕಾಕ್ ಕೂಡ ‘ದಿ ಬರ್ಡ್ಸ್’ನಲ್ಲಿ (1963) ಹಿನ್ನೆಲೆ ಸಂಗೀತವನ್ನು ಬಿಟ್ಟು, ಹಕ್ಕಿಗಳ ಸದ್ದಿನಲ್ಲೇ ಹೆದರಿಸಿದ್ದರು. ‘ತರ್ಕ’ ಮರುವರ್ಷವೇ ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಯಿತು, ಕೆ.ಎಸ್. ರವಿಕುಮಾರ್ ನಿರ್ದೇಶಕರಾದದ್ದು ಅದರಿಂದಲೇ.

‘ನಿಷ್ಕರ್ಷ’ಕ್ಕೆ (1993) ಮೂರನೆಯ ಜಾಗ. ಮಣಿಪಾಲದ ಬಹುಮಹಡಿ ಕಟ್ಟಡ, ಬ್ಯಾಂಕಿನೊಳಗೆ ದರೋಡೆಕೋರರು, ಅವರಿಗೆ ಎದುರಾಗಿ ವಿಷ್ಣುವರ್ಧನ್. ಇಲ್ಲಿಯೂ ಹಾಡಿಲ್ಲ. ಓಟ ಜೋರಾಗಿದೆ, ಆದರೆ ಅದು ಸಾಹಸದ ಓಟ. ಮನಸ್ಸಿನೊಳಗಿನ ತಳಮಳಕ್ಕೆ ಅಲ್ಲಿ ಪುರುಸೊತ್ತು ಕಡಿಮೆ.

ಈ ವಾರ ‘ಬೆಳದಿಂಗಳ ಬಾಲೆ’ ನೋಡುವವರು ಮೊಬೈಲಿನ ಸ್ಪೀಕರ್ ನಂಬಬೇಡಿ. ಇಯರ್‌ಫೋನ್ ಹಾಕಿಕೊಳ್ಳಿ. ಆ ಧ್ವನಿ ಮಾತಿನ ನಡುವೆ ತಡೆಯುವ ಕಡೆಗಳಲ್ಲೇ ಅರ್ಧ ಕಥೆ ಇದೆ.