ತಾಳಮದ್ದಳೆಯಲ್ಲಿ ಏನನ್ನು ಕೇಳಬೇಕು?

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಅದರ ಜಾಡು ಹಿಡಿದು ಆಶುವಾಗಿ ಮಾತು ಕಟ್ಟುತ್ತಾರೆ. ಈ ಮಾತೇ ‘ಅರ್ಥ’. ಹೊಸಬರು ಸಾಮಾನ್ಯವಾಗಿ ಶ್ಲೋಕಗಳ ಸಂಖ್ಯೆಗೋ ಕಂಠದ ಜೋರಿಗೋ ತಲೆದೂಗುತ್ತಾರೆ. ಆದರೆ ಒಳ್ಳೆಯ ಅರ್ಥದ ಬೇರು ಕಲಾವಿದ ದಿನದಿನದ ಬದುಕಿನಲ್ಲಿ ಕಂಡು, ಕೇಳಿ, ಒಡನಾಡಿ ಗಳಿಸಿದ್ದರಲ್ಲಿದೆ. ಅದನ್ನು ಮಾತಿನೊಳಗೆ ಗುರುತಿಸಲು ಕಿವಿ ಪಳಗಬೇಕು.

‘ಕೃಷ್ಣಸಂಧಾನ’ ಪ್ರಸಂಗವನ್ನೇ ನೋಡಿ. ಕೌರವನ ಸಭೆಯಲ್ಲಿ ನಡೆಯುವುದು ದಾಯಾದಿಗಳ ಪಾಲುಪಂಚಾಯಿತಿ. ಕರಾವಳಿಯ ಯಾವ ಊರಿಗೂ ಇದು ಹೊಸತಲ್ಲ. ಅರ್ಧ ರಾಜ್ಯದಿಂದ ಐದು ಊರಿಗೆ ಇಳಿಯುವಾಗ ಕೃಷ್ಣನ ದನಿ ಎಷ್ಟು ತಗ್ಗಬೇಕು, ತಗ್ಗಿದರೂ ದೈನ್ಯ ಸುಳಿಯದಂತೆ ಹೇಗೆ ನಿಲ್ಲಬೇಕು, ಕೊಡಲೊಲ್ಲದ ಕೌರವ ಮೊದಲು ನ್ಯಾಯ ಮಾತಾಡಿ ಕೊನೆಗೆ ಹಟಕ್ಕೆ ಹೇಗೆ ಜಾರಬೇಕು ಎಂಬುದನ್ನು ಪದ್ಯ ಹೇಳಿಕೊಡುವುದಿಲ್ಲ. ನಿಜವಾದ ರಾಜಿಕಟ್ಟೆಯಲ್ಲಿ ಕೂತವನಿಗೆ ಅದು ಗೊತ್ತು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳಿಗೆ ಹೆಸರಾದಂತೆಯೇ ಯಕ್ಷಗಾನ ರಂಗದಲ್ಲಿ ಬಪ್ಪ ಬ್ಯಾರಿಯ ಪಾತ್ರಕ್ಕೂ ಹೆಸರಾದರು. ಕರಾವಳಿಯ ಮುಸ್ಲಿಂ ಸಮುದಾಯವಾದ ಬ್ಯಾರಿಗಳ ವರ್ತಕನೊಬ್ಬನ ನುಡಿಯ ಬಳುಕು ಯಾವ ಪುರಾಣದಲ್ಲೂ ಸಿಗದು. ನೆರೆಹೊರೆಯವರ ಮಾತಿಗೆ ಕಿವಿಗೊಟ್ಟವರಿಗಷ್ಟೇ ಒಲಿಯುತ್ತದೆ. ಮನೆಮಾತು ಮಲಯಾಳವಾಗಿದ್ದ ಅರ್ಥಧಾರಿ ಕುಂಬಳೆ ಸುಂದರ ರಾಯರು ಪ್ರಾಸಬದ್ಧ ಕನ್ನಡಕ್ಕೆ ಹೆಸರಾದದ್ದೂ ಇಲ್ಲಿ ನೆನೆಯಬೇಕಾದ ಸಂಗತಿ. ತಾಳಮದ್ದಳೆಯ ಕೂಟದಲ್ಲಿ ಕೇಳಿ ಕೇಳಿ, ಆಡಿ ಆಡಿ ಭಾಷೆ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ ಅವರ ಅರ್ಥಗಾರಿಕೆ ಸಾಕ್ಷಿ.

ಹಾಗಾದರೆ ಓದು ಬೇಡವೇ ಎಂಬ ಆಕ್ಷೇಪ ಸಹಜ. ಖಂಡಿತ ಬೇಕು. ಮೂಲಕಾವ್ಯ ತಿಳಿಯದವನು ಪ್ರಸಂಗದ ಹಾದಿ ತಪ್ಪುತ್ತಾನೆ. ಶೇಣಿಯವರ ವಾದದ ಹಿಂದೆಯೂ ಆಳವಾದ ಅಧ್ಯಯನವಿತ್ತು. ಆದರೆ ಓದು ಒದಗಿಸುವುದು ವಾದದ ಸರಕನ್ನು. ಎದುರಾಳಿ ಅನಿರೀಕ್ಷಿತ ಪ್ರಶ್ನೆ ಎಸೆದಾಗ ಎಲ್ಲಿ ತಡೆದು, ಎಲ್ಲಿ ಹರಿದು, ಎಷ್ಟರಲ್ಲಿ ಮುಗಿಸಬೇಕೆಂಬ ಹದ ಮನುಷ್ಯರ ನಡುವೆಯೇ ಹುಟ್ಟಬೇಕು. ಕಂಠ ದೈವದತ್ತ ಎನ್ನುವವರೂ ಇದ್ದಾರೆ. ನಾದ ಹುಟ್ಟಿನಿಂದ ಬರಬಹುದು, ಅದರ ಬಳಕೆ ಬಾರದು. ಧ್ವನಿವರ್ಧಕ ಬರುವ ಮುನ್ನ ಅಂಗಳದ ಕೊನೆಯ ಸಾಲಿಗೂ ಮಾತು ಮುಟ್ಟಿಸಬೇಕಿತ್ತು. ಗದ್ದೆಯ ಆಚೆ ಬದಿಯವರನ್ನು ಕರೆದು ರೂಢಿಯಿದ್ದವರಿಗೆ ಅಕ್ಷರ ಒಡೆಯದೆ ದನಿ ಚಾಚುವುದು ಕಷ್ಟವಾಗಿರಲಾರದು. ಇಂದು ಮೈಕ್ ಆ ಶ್ರಮ ತಗ್ಗಿಸಿದೆ. ಆದ್ದರಿಂದ ಜೋರಿಗಿಂತ ಉಸಿರನ್ನು ಗಮನಿಸಿ. ‘ವಾಲಿಮೋಕ್ಷ’ದಲ್ಲಿ ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದೇಕೆಂದು ರಾಮನನ್ನು ಕೇಳುತ್ತಾನೆ. ಅಲ್ಲಿ ವಾಕ್ಯಗಳು ಕಿರಿದಾಗುತ್ತವೆಯೇ, ಆಪಾದನೆಯ ಬಿಸಿ ಇಳಿದು ಮಗ ಅಂಗದನ ಚಿಂತೆ ದನಿಗೆ ಬರುವುದು ಯಾವ ಘಳಿಗೆಯಲ್ಲಿ, ಅದುವರೆಗೂ ರಾಮನ ಅರ್ಥಧಾರಿ ಹೇಗೆ ಕೇಳಿಸಿಕೊಳ್ಳುತ್ತಾ ಕುಳಿತಿದ್ದಾರೆ — ಮೊದಲ ಕೂಟದಲ್ಲಿ ಇಷ್ಟನ್ನು ಗಮನಿಸಿದರೆ ಎರಡನೆಯದಕ್ಕೆ ಯಾರ ವಿವರಣೆಯೂ ಬೇಕಾಗದು.